ಉಸಿರು ಹಿಡಿದಾಗ ಸಂವಿಧಾನಬದ್ಧ

ಖಿಮ್‌ಲಾಲ್ ಆಲೆ ಮಹಾ ದೇಶಭಕ್ತನೇನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆಮೇಲಾಮೇಲೆ ನಮ್ಮ ರಾತಮಾಟೆ ಬಜಾರಿನಲ್ಲಿ ಅವನನ್ನು ದೇಶಭಕ್ತ ಎಂದವರೂ ಇದ್ದರು, ದೇಶದ್ರೋಹಿ ಎಂದವರೂ ಇದ್ದರು. ಎರಡಕ್ಕೂ ಬೇಕಾದ ಶ್ರದ್ಧೆ ಅವನಿಗಿರಲಿಲ್ಲ. ಸರ್ವೆ ಕಚೇರಿಯ ಎದುರು ಚಹಾದಂಗಡಿ ಇಟ್ಟುಕೊಂಡು ಇಪ್ಪತ್ತೈದು ವರ್ಷದಿಂದ ಅವನಿಗೆ ದಿನಕ್ಕೆ ಮೂರು ಲೋಟ ಚಹಾ ಕುಡಿಸುತ್ತಿರುವವನು ನಾನು, ನನಗೆ ಗೊತ್ತು.

ಆ ಕಚೇರಿಯಲ್ಲಿ ಅವನ ಕೆಲಸ ಟೇಪಿನ ತುದಿ ಹಿಡಿಯುವುದು. ಗದ್ದೆ ಅಳೆಯುವಾಗ ಒಂದು ತುದಿ ಸರ್ವೆಯರ್ ಕೈಯಲ್ಲಿ, ಇನ್ನೊಂದು ಖಿಮ್‌ಲಾಲನ ಕೈಯಲ್ಲಿ. ಸರ್ವೆಯರ್ "ಎಳಿ" ಅಂದಾಗ ಇವನು ಬಿಡುತ್ತಿದ್ದ, "ಬಿಡು" ಅಂದಾಗ ಎಳೆಯುತ್ತಿದ್ದ. ನಮ್ಮ ಕಡೆ ಅಣ್ಣತಮ್ಮಂದಿರು ಒಂದೊಂದು ಮೊಳ ಜಾಗಕ್ಕೆ ಕೋರ್ಟು ಹತ್ತಿದ್ದಾರೆಂದರೆ ಅದರಲ್ಲಿ ಅರ್ಧ ಪುಣ್ಯ ಇವನದು. ಆದರೂ ಯಾರೂ ಇವನ ಮೇಲೆ ಸಿಟ್ಟಾಗುತ್ತಿರಲಿಲ್ಲ. ಸಿಟ್ಟಾಗಲಿಕ್ಕೆ ಎದುರಿಗೆ ಒಬ್ಬ ಮನುಷ್ಯ ನಿಂತಿದ್ದಾನೆ ಅನ್ನಿಸಬೇಕಲ್ಲ.

ಈ ಸಂಗತಿ ನಡೆದಾಗ ಹತ್ತೊಂಬತ್ತು ವರ್ಷವಾಗಿದ್ದರೂ ಹಂಗಾಮಿ ನೌಕರ. ಅಸಾರ್ ತಿಂಗಳ, ಅಂದರೆ ಆಷಾಢದ, ಕೊನೆಗೆ ಕಾಠ್ಮಂಡು ಸರ್ಕಾರದ ವರ್ಷ ಮುಗಿಯುತ್ತದೆ, ಅದರ ಜೊತೆಗೆ ಇವನ ಕೆಲಸವೂ ಮುಗಿಯುತ್ತದೆ. ಕಚೇರಿಯ ದೊಡ್ಡ ಹಾಕಿಮ್ ಸಾಹೇಬರು ಸಹಿ ಹಾಕಿದರೆ ಇನ್ನೊಂದು ವರ್ಷ. ಆ ತಿಂಗಳು ಪೂರ್ತಿ ಇವನು ಊಟ ಬಿಡುತ್ತಿದ್ದ, ಇವನ ಹೆಂಡತಿ ದಿಲ್‌ಸರಾ ನಿದ್ದೆ ಬಿಡುತ್ತಿದ್ದಳು. ಖಾಯಂ ಆಗಬೇಕು ಅನ್ನುವುದೊಂದೇ ಆ ಮನೆಯ ಆಸೆ. ದೇವರ ಮುಂದೆ ಕೈ ಮುಗಿದಾಗ ಮಕ್ಕಳ ಆರೋಗ್ಯವನ್ನೂ ಅದಾದ ಮೇಲೇ ಕೇಳುತ್ತಿದ್ದರು.

ಹೀಗಿರುವಾಗ ದಸೈಂ, ಅಂದರೆ ದಸರಾ ಹಬ್ಬ ಬಂತು. ಮಾವನ ಮನೆಗೆ ಹಿರಿಯರಿಂದ ಹಣೆಗೆ ಟೀಕಾ ಹಚ್ಚಿಸಿಕೊಳ್ಳಲು ಹೋಗುವಾಗ ಖಿಮ್‌ಲಾಲ ನನ್ನನ್ನೂ ಎಳೆದುಕೊಂಡು ಹೋದ. ಊಟವಾಯಿತು. ಎಲ್ಲರೂ ಅಂಗಳದಲ್ಲಿ ಹರಡಿಕೊಂಡು ಕೂತೆವು. ದಿಲ್‌ಸರಾಳ ಅಣ್ಣ ಸುಬೇದಾರ್ ಚಂದ್ರಭಾನ್ ರಾಣಾ ಪ್ರತಿ ವರ್ಷದಂತೆ ಎಡತೋಳಿನ ಅಂಗಿ ಮೇಲಕ್ಕೆ ಮಡಚಿದ. ಅವನು ಗೂರ್ಖಾ ಪಲ್ಟನ್ನಿನಿಂದ ಪಿಂಚಣಿ ಪಡೆದು ಬಂದವನು. ತೋಳಿನ ಮೇಲೆ ಎರಡು ಅಡ್ಡ ಖುಕುರಿ ಕತ್ತಿಗಳ ಹಚ್ಚೆ. ಮಕ್ಕಳು ಮುಟ್ಟಿ ನೋಡಿದವು, ಹೆಂಗಸರು ಮುಟ್ಟದೆ ನೋಡಿದರು.

"ಇದು ಸುಮ್ನೆ ಚಿತ್ರ ಅಲ್ಲ, ನಮ್ಮನೆ ಅಳಿಯಂದ್ರೇ," ಎಂದ ಸುಬೇದಾರ. "ಇದರ ಹಿಂದೆ ಪಲ್ಟನ್ ಇದೆ. ನಿಮ್ಮ ಮೈಮೇಲೇನಿದೆ?"

"ಬೆವರುಸಾಲೆ," ಎಂದಳು ಮೂಲೆಯಲ್ಲಿ ಕೂತಿದ್ದ ಅತ್ತೆ.

ಅಂಗಳವೆಲ್ಲ ನಕ್ಕಿತು. ಖಿಮ್‌ಲಾಲ ಅಷ್ಟು ಹೊತ್ತಿಗೆ ರಾಗಿಯ ಹೆಂಡ ಜಾಂಡ್ ಎರಡು ಬಟ್ಟಲು ಏರಿಸಿದ್ದ. ಮೂರನೆಯದನ್ನೂ ಏರಿಸಿ ಎದ್ದು ನಿಂತ.

"ಭಾವ, ನಂಗೆ ಪಲ್ಟನ್ ಗಿಲ್ಟನ್ ಬೇಡ. ನಾನು ಸರ್ಕಾರಿ ಮನುಷ್ಯ. ಹಾಕಿಸಿದ್ರೆ ಇಡೀ ದೇಶಾನೇ ಹಾಕಿಸ್ತೀನಿ."

"ಹಂಗಾಮಿ ಸರ್ಕಾರಿ," ಎಂದು ಅತ್ತೆ ತಿದ್ದಿದಳು.

ಆ ಒಂದು ಮಾತು ಇಲ್ಲದಿದ್ದರೆ ಮರುದಿನ ತಲೆನೋವಿನ ಜೊತೆಗೆ ಅವನ ಪ್ರತಿಜ್ಞೆಯೂ ಇಳಿದುಹೋಗುತ್ತಿತ್ತು. ಇಳಿಯಲಿಲ್ಲ. ಹಬ್ಬ ಕಳೆದ ವಾರ ಅವನು ಯಾರಿಗೂ ಹೇಳದೆ ಬುಟವಲ್‌ಗೆ ಬಸ್ಸು ಹತ್ತಿದ.

ಅಲ್ಲಿಯ ಹಚ್ಚೆ ಅಂಗಡಿಯವನು ಇವನ ಅಂಗಿ ಬಿಚ್ಚಿಸಿ ಎದೆ ನೋಡಿ ತಲೆ ಕೆರೆದುಕೊಂಡನಂತೆ. "ದಾಜು," ಎಂದನಂತೆ, ನಮ್ಮಲ್ಲಿ ಅಣ್ಣನಿಗೆ ಹಾಗನ್ನುತ್ತಾರೆ, "ಎದೆ ಮೇಲೆ ಬರೀ ಪಕ್ಕೆಲುಬು. ಚಂದ್ರ ಹಿಡಿಸ್ತಾನೆ, ಸೂರ್ಯ ಹಿಡ್ಸಲ್ಲ. ಹೊಟ್ಟೆ ಮೇಲೆ ಬೇಕಾದಷ್ಟು ಜಾಗ ಇದೆ." ಖಿಮ್‌ಲಾಲನ ದೇಹದಲ್ಲಿ ಹೊಟ್ಟೆಯೊಂದೇ ಅಭಿವೃದ್ಧಿ ಕಂಡ ಪ್ರದೇಶ. ಅಂಗಡಿಯವನು ಮೊಬೈಲಿನಲ್ಲಿ ಧ್ವಜದ ಚಿತ್ರ ಇಟ್ಟುಕೊಂಡು ಕೆಲಸ ಶುರುಮಾಡಿದ. ಒಂದರ ಮೇಲೊಂದು ಎರಡು ಕೆಂಪು ತ್ರಿಕೋನ, ಸುತ್ತ ನೀಲಿ ಅಂಚು, ಮೇಲೆ ಚಂದ್ರ, ಕೆಳಗೆ ಸೂರ್ಯ. ಸೂರ್ಯನ ನಡುಮಧ್ಯಕ್ಕೆ ಸರಿಯಾಗಿ ಹೊಕ್ಕುಳು ಬಂದುಬಿಟ್ಟಿತು. "ದೇವರೇ ಚುಕ್ಕಿ ಇಟ್ಟು ಕಳಿಸಿದಾನೆ," ಎಂದು ಅವನು ಅದರ ಸುತ್ತ ಹನ್ನೆರಡು ಕಿರಣ ಬರೆದ.

ದಿಲ್‌ಸರಾ ಅದನ್ನು ಮೊದಲು ನೋಡಿದಾಗ ಏನಂದಳು ಅನ್ನುವುದು ಖಿಮ್‌ಲಾಲ ನನಗೆ ಹೇಳಿದ್ದಾನೆ, ನಾನು ಬರೆಯುವುದಿಲ್ಲ. ಕೊನೆಯ ವಾಕ್ಯ ಮಾತ್ರ ಬರೆಯಬಹುದು. "ನನ್ನಜ್ಜಿ ಕಾಲಿಗೆ ಹಚ್ಚೆ ಹಾಕಿಸ್ಕೊಂಡಿದ್ಲು, ಸತ್ತ ಮೇಲೂ ಜೊತೆಗೆ ಬರೋ ಒಡವೆ ಅದೊಂದೇ ಅಂತ. ನೀವು ಹಾಕಿಸ್ಕೊಂಡಿರೋದನ್ನ ಯಮ ಸಾಯ್ಬನೂ ಎದ್ದು ನಿಂತೇ ನೋಡ್ಬೇಕು."

ಎರಡು ತಿಂಗಳು ಸಂಗತಿ ಅಂಗಿಯೊಳಗೇ ಇತ್ತು. ಮಾಘದ ಚಳಿ ಬಂತು. ಆ ತಿಂಗಳಲ್ಲಿ ನಮ್ಮ ಬಜಾರಿನ ಜನ ಚಾಪೆ ಹಾಸಿ ಮಾಳಿಗೆಯ ಮೇಲೆ ಬಿಸಿಲು ಕಾಯುತ್ತಾರೆ, ಸಾಸಿವೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಒಂದು ಶನಿವಾರ ಖಿಮ್‌ಲಾಲ ಅಂಗಿ ಬಿಚ್ಚಿ, ಎಣ್ಣೆ ಹಚ್ಚಿಕೊಂಡು, ಅಂಗಾತ ಮಲಗಿದ. ಪಕ್ಕದ ಮಾಳಿಗೆಯಲ್ಲಿ ಗುಣಾಖರ್ ಮಾಸ್ತರು ಕಿತ್ತಳೆ ಸುಲಿಯುತ್ತ ಕೂತಿದ್ದರು.

ಗುಣಾಖರ್ ಮಾಸ್ತರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಮ್ಮ ಸಂವಿಧಾನದ ಕೊನೆಯಲ್ಲಿ ರಾಷ್ಟ್ರಧ್ವಜ ಬರೆಯುವ ಕ್ರಮವನ್ನು ಇಪ್ಪತ್ತನಾಲ್ಕು ಹೆಜ್ಜೆಯಲ್ಲಿ ಕೊಟ್ಟಿದ್ದಾರಲ್ಲ, ಅದನ್ನು ಅವರು ಗಾಯತ್ರಿಯಂತೆ ಬಾಯಿಪಾಠ ಮಾಡಿದ್ದರು. ಸಂವಿಧಾನದ ಉಳಿದ ಭಾಗವೆಲ್ಲ ಆ ಪುಟಗಳಿಗೆ ಮುನ್ನುಡಿ ಎಂಬುದು ಅವರ ಅಭಿಪ್ರಾಯ. ಖಿಮ್‌ಲಾಲ ಹತ್ತನೆಯ ತರಗತಿಯಲ್ಲಿ ಮೂರು ಸಲ ಕೂತದ್ದು ಅವರ ಕೈಕೆಳಗೇ.

ಕಿತ್ತಳೆ ತೊಳೆ ಬಾಯಿಗೆ ಹೋಗಲಿಲ್ಲ. ಮಾಸ್ತರು ಕೆಳಗಿಳಿದು, ಬೀದಿ ದಾಟಿ, ಇವರ ಮನೆಯ ಏಣಿ ಹತ್ತಿ, ಕೈವಾರ ಮತ್ತು ಸ್ಕೇಲಿನ ಸಮೇತ ಎದುರು ನಿಂತರು.

"ಅಲ್ಲಾಡಬೇಡ."

"ನಮಸ್ಕಾರ ಸರ್."

"ಮಾತಾಡಬೇಡ. ಮಾತಾಡಿದ್ರೆ ಅಲ್ಲಾಡತ್ತೆ." ಸ್ಕೇಲು ಹೊಟ್ಟೆಯ ಮೇಲೆ ತಣ್ಣಗೆ ಕೂತಿತು. "ಬುಡದ ಗೆರೆ ಕ-ಖ. ನಿಂತ ಗೆರೆ ಕ-ಗ, ಅದರಷ್ಟೇ ಉದ್ದ, ಮೇಲೆ ಮೂರನೇ ಒಂದು ಪಾಲು ಜಾಸ್ತಿ. ನಿನ್ನ ಕ-ಖ ಎರಡು ಬೆರಳು ಹೆಚ್ಚು ಅಗಲ ಇದೆ. ಆಗಲೂ ಹೀಗೇ ಬರೀತಿದ್ದೆ, ಈಗಲೂ ಹೀಗೇ ಬರ್ದಿದೀಯ."

"ನಾನು ಬರೆದಿದ್ದಲ್ಲ ಸರ್, ಬುಟವಲ್‌ನಲ್ಲಿ..."

"ಇದೇನಿದು?" ಮಾಸ್ತರು ಕೈವಾರದ ಮುಳ್ಳನ್ನು ಹೊಕ್ಕುಳಿನ ಹತ್ತಿರ ತಂದರು. "ಈ ಬಿಂದುವಿಗೆ ಸಂವಿಧಾನದಲ್ಲಿ ಅಕ್ಷರವೇ ಇಲ್ಲ."

ಮುಳ್ಳು ತಾಗೀತೆಂಬ ಭಯಕ್ಕೆ ಖಿಮ್‌ಲಾಲ ಹೊಟ್ಟೆ ಒಳಗೆಳೆದು ಉಸಿರು ಬಿಗಿಹಿಡಿದ. ಮಾಸ್ತರು ಸ್ಕೇಲು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎಲ್ಲ ಗೆರೆಗಳೂ ತಂತಮ್ಮ ಜಾಗಕ್ಕೆ ಬಂದು ನಿಂತಿದ್ದವು. ಖಿಮ್‌ಲಾಲ ಉಸಿರು ಬಿಟ್ಟ. ಗೆರೆಗಳು ಚೆಲ್ಲಾಪಿಲ್ಲಿಯಾದವು.

ಸಂಜೆಯೊಳಗೆ ಸುದ್ದಿ ನನ್ನ ಅಂಗಡಿಗೆ ಬಂತು. ನಮ್ಮ ಬಜಾರಿನಲ್ಲಿ ಎಷ್ಟು ಮಂದಿ ಧ್ವಜಶಾಸ್ತ್ರ ಬಲ್ಲವರಿದ್ದಾರೆ ಎಂದು ನನಗೆ ತಿಳಿದದ್ದು ಅವತ್ತೇ. ಖಿಮ್‌ಲಾಲನನ್ನು ಬೆಂಚಿನ ಮೇಲೆ ನಿಲ್ಲಿಸಿ, ಅಂಗಿ ಎತ್ತಿಸಿ, ಜನ ವಾದಕ್ಕೆ ಬಿದ್ದರು. ಎರಡು ತ್ರಿಕೋನ ಅಂದರೆ ಎರಡು ಹಿಮದ ಶಿಖರ ಎಂದ ಒಬ್ಬ. ಅಲ್ಲ, ಒಂದು ಹಿಂದೂ, ಒಂದು ಬೌದ್ಧ ಎಂದ ಮತ್ತೊಬ್ಬ. ಚಂದ್ರ ರಾಜನ ಅರಮನೆ, ಸೂರ್ಯ ಹಿಂದೆ ಆಳಿದ ರಾಣಾ ವಂಶದ ಪ್ರಧಾನಿ ಎಂದು ಅಜ್ಜನೊಬ್ಬ ಹೇಳಿದ್ದೇ ತಡ, ಪಾರ್ಟಿಯ ಹುಡುಗರು ಎದ್ದು ನಿಂತು "ಹಾಗಾದ್ರೆ ರಾಜ ಹೋಗಿ ಗಣತಂತ್ರ ಬಂದಿದೆ, ಚಂದ್ರನ್ನ ಅಳಿಸ್ಬೇಕು" ಎಂದರು. ಅಳಿಸಲಿಕ್ಕೆ ಏನು ಬೇಕೆಂದು ಖಿಮ್‌ಲಾಲ ಹೆದರಿಕೊಂಡು ಕೇಳಿದ. ಮೊದಲು ಈ ಸೂರ್ಯ ಚಂದ್ರರಿಗೆ ಕಣ್ಣು ಮೂಗು ಬಾಯಿ ಇದ್ದವು, ಆಮೇಲೆ ತೆಗೆದರು ಎಂದು ಅಜ್ಜ ಹೇಳಿದಾಗ, ಹೊಕ್ಕುಳನ್ನು ಬಾಯಿ ಎಂದು ಹಿಡಿಯುವುದೋ ಬಿಡುವುದೋ ಎಂಬುದರ ಮೇಲೆ ಇನ್ನೆರಡು ಕೆಟಲಿ ಚಹಾ ಖರ್ಚಾಯಿತು.

ಅಲ್ಲಿಂದ ಖಿಮ್‌ಲಾಲನ ಬಾಳು ಸರಳವಾಗಿ ಉಳಿಯಲಿಲ್ಲ. ಸೂರ್ಯ ಮುಳುಗಿದ ಮೇಲೆ ಧ್ವಜ ಹಾರಿಸಬಾರದು ಎಂದು ಯಾರೋ ಹೇಳಿದರು, ಇವನು ಐದು ಗಂಟೆಗೇ ಶಾಲು ಸುತ್ತಿಕೊಳ್ಳತೊಡಗಿದ. ಕಾಠ್ಮಂಡುವಿನಲ್ಲಿ ಯಾರೋ ಮಾಜಿ ಮಂತ್ರಿ ತೀರಿಕೊಂಡು ಧ್ವಜ ಅರ್ಧಕ್ಕೆ ಇಳಿಸುವ ಆದೇಶ ಬಂದ ದಿನ, ಮಂಡಿ ಮಡಚಿಕೊಂಡೇ ಕಚೇರಿಯ ಮೆಟ್ಟಿಲು ಹತ್ತಿದ. ಸುಬೇದಾರನ ಗೋಳು ಬೇರೆ. ತಂಗಿಯ ಮನೆಗೆ ಊಟಕ್ಕೆ ಬಂದಾಗ, ಬಡಿಸಿಕೊಳ್ಳಲು ಬಾಗಿದ ಖಿಮ್‌ಲಾಲನ ಅಂಗಿ ಒಂದಿಷ್ಟು ಮೇಲೆ ಸರಿದರೆ ಸಾಕು, ಅವನು ಕೈತುತ್ತು ತಟ್ಟೆಗೆ ಹಾಕಿ ಎದ್ದು ಸೆಟೆದು ನಿಲ್ಲುತ್ತಿದ್ದ.

"ಕೂತ್ಕೋ ಅಣ್ಣಾ, ಸಾರು ಆರ್ತದೆ," ಎನ್ನುತ್ತಿದ್ದಳು ದಿಲ್‌ಸರಾ.

"ಮೊದಲು ಅವರ ಗುಂಡಿ ಹಾಕಿಸು."

ಇಷ್ಟಕ್ಕೇ ನಿಂತಿದ್ದರೆ ನಗುವ ವಿಷಯವಾಗಿಯೇ ಉಳಿಯುತ್ತಿತ್ತು. ಆದರೆ ಅದೇ ತಿಂಗಳು ಕಾಠ್ಮಂಡುವಿನಿಂದ ಕಾಗದ ಬಂತು. ರಾತಮಾಟೆ ಸರ್ವೆ ಕಚೇರಿಯ ಒಬ್ಬ ಟೇಪು ಹಿಡಿಯುವವನನ್ನು ಖಾಯಂ ಮಾಡಬಹುದು, ಹೆಸರು ಕಳಿಸಿ, ಜೊತೆಗೆ ಅವನ ನಡತೆ ಬಗ್ಗೆ ವರದಿ ಕಳಿಸಿ. ಟೇಪು ಹಿಡಿಯುವವನು ಒಬ್ಬನೇ ಇದ್ದ. ದಿಲ್‌ಸರಾ ಸಿಹಿ ಸೇಲ್ ರೊಟ್ಟಿ ಕರಿದು ಬಜಾರಿಗೆಲ್ಲ ಹಂಚಿದಳು. ಗುಣಾಖರ್ ಮಾಸ್ತರೂ ಎರಡು ತಿಂದರು. ತಿಂದು, ಕೈ ತೊಳೆದು, ಹಾಕಿಮರಿಗೆ ದೂರು ಬರೆದರು.

ಹೆಸರು ಮುಚ್ಚಿಟ್ಟು ಬರೆಯುವ ಅಭ್ಯಾಸ ಅವರಿಗಿಲ್ಲ. ಸಹಿ ಹಾಕಿ, ಇಪ್ಪತ್ತನಾಲ್ಕು ಚಿತ್ರ ಲಗತ್ತಿಸಿದ್ದರು. "ಖಿಮ್‌ಲಾಲನ ಮೇಲೆ ನನಗೆ ದ್ವೇಷವಿಲ್ಲ," ಎಂದರು ನನ್ನ ಅಂಗಡಿಯಲ್ಲಿ. "ನನ್ನ ದ್ವೇಷ ಅವನ ಕ-ಖ ಮೇಲೆ."

ಹಾಕಿಮ್ ಲೋಕಮಣಿ ಢುಂಗಾನಾ ಸಾಹೇಬರು ಹೆದರುವುದನ್ನೇ ಉದ್ಯೋಗ ಮಾಡಿಕೊಂಡವರು. ರಾಷ್ಟ್ರಧ್ವಜಕ್ಕೆ ಅವಮಾನ ಮಾಡಿದರೆ ಜೈಲು. ಅವಮಾನ ಮಾಡಿದವನನ್ನು ಖಾಯಂ ಮಾಡಿದರೆ ತಮಗೇನು ಎಂದು ಅವರು ಕಾನೂನು ಪುಸ್ತಕ ಹುಡುಕಿದರು, ಸಿಗಲಿಲ್ಲ. ಸಿಗದ್ದಕ್ಕೆ ಇನ್ನೂ ಹೆದರಿದರು. ತನಿಖೆ ಇಟ್ಟರು. ಅಳತೆ ಸರಿಯಿದ್ದರೆ ಹೆಸರು ಹೋಗುತ್ತದೆ, ತಪ್ಪಿದ್ದರೆ ಹೆಸರಿನ ಬದಲು ಪೊಲೀಸರಿಗೆ ಕಾಗದ ಹೋಗುತ್ತದೆ.

ಹಿಂದಿನ ದಿನ ಖಿಮ್‌ಲಾಲ ನನ್ನ ಅಂಗಡಿಗೆ ಬಂದು ಚಹಾ ಮುಟ್ಟದೆ ಕೂತ. ಮುಖ ಇಷ್ಟೇ ಇಷ್ಟಾಗಿತ್ತು.

"ದಾಜು, ಎಷ್ಟು ಹೊತ್ತು ಉಸಿರು ಹಿಡೀಬಹುದು?"

"ಎಷ್ಟು ಬೇಕು?"

"ಇಪ್ಪತ್ತನಾಲ್ಕು ಹೆಜ್ಜೆ."

ಫಾಲ್ಗುಣದ ಮೊದಲ ದಿನ ಕಚೇರಿಯ ಅಂಗಳದಲ್ಲಿ ಬಜಾರೆಲ್ಲ ಸೇರಿತು. ಹತ್ತೊಂಬತ್ತು ವರ್ಷ ಊರಿನ ನೆಲವನ್ನೆಲ್ಲ ಅಳೆದವನನ್ನು ಅಂಗಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿದರು. ಸರ್ವೆಯರ್ ಮುಕ್ಕಾಲಿ ಇಟ್ಟು ದುರ್ಬೀನು ಹೂಡಿದ. ಟೇಪಿನ ತುದಿ ಹಿಡಿಯಲು ಯಾರೂ ಇಲ್ಲವೆಂದು ಆಗ ಎಲ್ಲರಿಗೂ ಹೊಳೆಯಿತು. ಅಭ್ಯಾಸಬಲದಿಂದ ಖಿಮ್‌ಲಾಲನೇ ಕೈಚಾಚಿ ಹಿಡಿದುಕೊಂಡ.

"ಎಳಿ," ಎಂದ ಸರ್ವೆಯರ್. ಖಿಮ್‌ಲಾಲ ಬಿಟ್ಟ.

"ಅದನ್ನ ಸುಬೇದಾರರ ಕೈಗೆ ಕೊಡಿ," ಎಂದರು ಹಾಕಿಮರು.

ಮಾಸ್ತರು ಕನ್ನಡಕ ಏರಿಸಿ ಓದತೊಡಗಿದರು. ಖಿಮ್‌ಲಾಲ ಉಸಿರೆಳೆದ. ಒಂದನೆಯ ಹೆಜ್ಜೆ, ಸರಿ. ಎರಡು, ಸರಿ. ಐದಕ್ಕೆ ತ್ರಿಕೋನಗಳು ಮುಗಿದವು, ಎಲ್ಲೂ ಕೂದಲೆಳೆಯಷ್ಟೂ ತಪ್ಪಿಲ್ಲ. ಆರಕ್ಕೆ ಅವನ ಮುಖ ಧ್ವಜದ ಬಣ್ಣಕ್ಕೆ ತಿರುಗಿತು. ಎಂಟಕ್ಕೆ ಅಂಚಿನ ಬಣ್ಣಕ್ಕೆ ತಿರುಗಿತು. ಮಾಸ್ತರು ಪ್ರತಿ ಹೆಜ್ಜೆಯ ನಡುವೆ ಕನ್ನಡಕ ಒರೆಸುತ್ತಿದ್ದರು.

"ಬೇಗ ಓದಿ ಸರ್," ಎಂದಳು ದಿಲ್‌ಸರಾ.

"ಸಂವಿಧಾನವನ್ನ ಬೇಗ ಓದೋದಲ್ಲಮ್ಮ."

ಒಂಬತ್ತನೆಯದಕ್ಕೆ ಖಿಮ್‌ಲಾಲ ಗೋಡೆಗುಂಟ ಜಾರಿ ಕೆಳಗೆ ಕೂತ. ಹೊಟ್ಟೆ ಬಿಟ್ಟುಕೊಂಡಿತು. ಚಂದ್ರ ಒಂದು ಕಡೆ ವಾಲಿದ, ಸೂರ್ಯ ಚಪ್ಪಟೆಯಾದ. ಮಾಸ್ತರು ಸ್ಕೇಲು ಎತ್ತಿ ಹಾಕಿಮರಿಗೆ ತೋರಿಸಿದರು. ಹಾಕಿಮರು ಪೆನ್ನು ತೆಗೆದರು.

ಆ ಪೆನ್ನು ಕಾಗದ ಮುಟ್ಟುವ ಮೊದಲು ದಿಲ್‌ಸರಾ ಗಂಡನ ಮುಖಕ್ಕೆ ನೀರು ಚಿಮುಕಿಸಿ, ಸೆರಗು ಸೊಂಟಕ್ಕೆ ಸಿಗಿಸಿ, ನಡುವೆ ಬಂದು ನಿಂತಳು.

"ಹಾಕಿಮ್ ಸಾಹೇಬ್ರೇ, ನನ್ನ ಗಂಡನ ಹೊಟ್ಟೆ ಅಳೆದಾಯ್ತಲ್ಲ. ನಿಮ್ಮ ಛಾವಣಿ ಮೇಲೆ ಹಾರ್ತಾ ಇದೆಯಲ್ಲ, ಅದನ್ನೂ ಒಂದ್ಸಲ ಇಳಿಸಿ ಅಳೀರಿ."

"ಅದು ಸರ್ಕಾರದ ಧ್ವಜ ಬಹಿನಿ."

"ಇದು ಪಾಕಿಸ್ತಾನದ್ದಾ?"

ಹಾಕಿಮರು ಬೇಡ ಅನ್ನಿ ಎನ್ನುವಂತೆ ಮಾಸ್ತರತ್ತ ನೋಡಿದರು. ತಪ್ಪು ಕಡೆ ನೋಡಿದರು. ಮಾಸ್ತರ ಕಣ್ಣು ಆಗಲೇ ಛಾವಣಿಯ ಮೇಲಿತ್ತು. ಧ್ವಜ ಇಳಿಯಿತು. ಮೂರು ಮಳೆಗಾಲ ನೆನೆದು ಕುಗ್ಗಿದ ಹತ್ತಿ ಬಟ್ಟೆ, ಚಂದ್ರನಿಗೆ ಎಂಟರ ಬದಲು ಏಳು ಕಿರಣ, ಸೂರ್ಯನಿಗೆ ಹನ್ನೆರಡರ ಬದಲು ಹತ್ತು. ಮಾಸ್ತರು ಅದನ್ನು ಎರಡೆರಡು ಸಲ ಅಳೆದರು. ಆಮೇಲೆ ಕೈವಾರ ಎತ್ತಿಕೊಂಡು ಹೊರಟೇಬಿಟ್ಟರು. ನಾವೆಲ್ಲ ಹಿಂದೆ ಹೋದೆವು. ಅವರ ಸ್ವಂತ ಶಾಲೆಯ ಧ್ವಜ ಕೆಳಗೆ ಅಗಲ, ಮೇಲೆ ಗಿಡ್ಡ. ವಾರ್ಡ್ ಕಚೇರಿಯದಕ್ಕೆ ಅಂಚೇ ಇಲ್ಲ. ಬ್ಯಾಂಕಿನವರು ಧ್ವಜವನ್ನು ತಲೆಕೆಳಗಾಗಿ ಕಟ್ಟಿದ್ದರು. ಸುಬೇದಾರ ಟ್ರಂಕಿನಲ್ಲಿ ಕರ್ಪೂರ ಹಾಕಿ ಮಡಚಿಟ್ಟಿದ್ದ ರೇಷ್ಮೆ ಧ್ವಜವನ್ನೂ ಬಿಡಲಿಲ್ಲ. ಅದೂ ತಪ್ಪೇ ಎಂದಾದ ಮೇಲೆ ಸುಬೇದಾರ ಅದನ್ನು ಟ್ರಂಕಿನ ತಳಕ್ಕೆ ತಳ್ಳಿ ಬೀಗ ಹಾಕಿದ.

ಸಂಜೆ ಎಲ್ಲರೂ ಸುಸ್ತಾಗಿ ಕಚೇರಿಗೆ ಮರಳಿದಾಗ ಖಿಮ್‌ಲಾಲ ಇನ್ನೂ ಅದೇ ಗೋಡೆಗೆ ಒರಗಿ ಕೂತಿದ್ದ, ಯಾರೂ ಹೋಗು ಅಂದಿರಲಿಲ್ಲವಾದ್ದರಿಂದ. ಮಾಸ್ತರು ಅವನ ಎದುರು ನೆಲದಲ್ಲೇ ಕೂತರು.

"ಹಾಕಿಮ್ ಸಾಹೇಬ್, ಈ ಊರಲ್ಲಿ ಸಂವಿಧಾನದ ಪ್ರಕಾರ ಇರೋ ಧ್ವಜ ಒಂದೇ ಒಂದು. ಅದೂ ಇವನು ಉಸಿರು ಹಿಡಿದಾಗ."

ಹಾಕಿಮರಿಗೆ ಹೊಸ ಹೆದರಿಕೆ ಹುಟ್ಟಿತು. ಆರು ದಿನಕ್ಕೆ ಪ್ರಜಾತಂತ್ರ ದಿವಸ. ಜಿಲ್ಲೆಯ ದೊಡ್ಡ ಅಧಿಕಾರಿ ಬಂದು ಇದೇ ಅಂಗಳದಲ್ಲಿ ಧ್ವಜ ಏರಿಸಬೇಕು. ಊರಿನ ಧ್ವಜಗಳೆಲ್ಲ ತಪ್ಪು ಎಂದು ಈಗ ಊರಿಗೆಲ್ಲ ಗೊತ್ತು, ಮಾಸ್ತರ ಕೈಯಲ್ಲಿ ಬರೆಯುವ ಕಾಗದ ಬೇಕಾದಷ್ಟಿದೆ. ಮರುದಿನವೇ ದರ್ಜಿಯನ್ನು ಕರೆಸಿದರು. ಖಿಮ್‌ಲಾಲನನ್ನು ಕಚೇರಿಯ ಮೇಜಿನ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ತೆಳು ಕಾಗದ ಹಾಸಿ, ದರ್ಜಿ ಗೆರೆ ತೆಗೆದ. ಎರಡೆರಡು ಹೆಜ್ಜೆಗೆ ಉಸಿರಾಡಲು ರಜೆ ಕೊಟ್ಟರು. ಆ ಅಚ್ಚಿನಿಂದ ಹದಿನಾಲ್ಕು ಧ್ವಜ ಹೊಲಿದರು. ದಿವಸ ಸಾಂಗವಾಗಿ ನಡೆಯಿತು. ದೊಡ್ಡ ಅಧಿಕಾರಿ ಕತ್ತೆತ್ತಿ ನೋಡಿ, "ಸೂರ್ಯನ ಮಧ್ಯೆ ಒಂದು ಸಣ್ಣ ಸುಳಿ ಇದೆಯಲ್ಲ, ಏನದು?" ಎಂದು ಕೇಳಿದರು. "ಸ್ಥಳೀಯ ಕಸುಬು ಸಾಹೇಬ್," ಎಂದರು ಹಾಕಿಮರು.

ಅದೇ ವಾರ ಹಾಕಿಮರು ಖಿಮ್‌ಲಾಲನ ಹೆಸರನ್ನೂ ಅವನ ಧ್ವಜದ ವರದಿಯನ್ನೂ ಕಳಿಸಿದರು, ಚೈತ್ರದಲ್ಲಿ ಕಾಠ್ಮಂಡುವಿನ ಉತ್ತರ ಬಂತು. ಖಿಮ್‌ಲಾಲ ಲಕೋಟೆ ಒಡೆಯದೆ ನನ್ನ ಅಂಗಡಿಗೆ ತಂದು ಮಾಸ್ತರ ಕೈಗೆ ಕೊಟ್ಟ. ದಿಲ್‌ಸರಾ ಬಾಗಿಲಲ್ಲಿ ನಿಂತಳು. ಮಾಸ್ತರು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು, ಕನ್ನಡಕ ಒರೆಸಿ, ಗಟ್ಟಿಯಾಗಿ ಓದಿದರು. ಹಾಕಿಮರ ವರದಿಯನ್ನು ಪರಿಶೀಲಿಸಲಾಗಿದೆ, ಸದರಿ ನೌಕರನ ಹೊಟ್ಟೆಯ ಮೇಲಿನ ರಾಷ್ಟ್ರಧ್ವಜವನ್ನು ರಾತಮಾಟೆಯ ಮಾದರಿ ಧ್ವಜವೆಂದು ಖಾಯಂ ಆಗಿ ಮಾನ್ಯ ಮಾಡಲಾಗಿದೆ, ನೌಕರನನ್ನು ಖಾಯಂ ಮಾಡುವ ವಿಚಾರ ಮುಂದಿನ ವರ್ಷಕ್ಕೆ.

"ನಂಗೆ ಅರ್ಥ ಆಗ್ಲಿಲ್ಲ ಸರ್," ಎಂದ ಖಿಮ್‌ಲಾಲ.

"ಧ್ವಜ ಸೂರ್ಯಚಂದ್ರರಿರೋ ತನಕ," ಎಂದರು ಮಾಸ್ತರು ಮೆಲ್ಲಗೆ. "ನೀನು ಅಸಾರ್ ಮುಗಿಯೋ ತನಕ."

ಖಿಮ್‌ಲಾಲ ಅತ್ತ. ಅಂಗಡಿಯಲ್ಲಿದ್ದ ಏಳೆಂಟು ಮಂದಿ ಲೋಟದೊಳಗೆ ನೋಡುತ್ತ ಕೂತರು. ನಾನು ಅವನಿಗೆ ಇನ್ನೊಂದು ಚಹಾ ಬಗ್ಗಿಸಿದೆ. ದಿಲ್‌ಸರಾ ಒಳಗೆ ಬಂದು ಮಾಸ್ತರ ಕೈಯಿಂದ ಕಾಗದ ಇಸಕೊಂಡಳು.

"ಧ್ವಜ ಖಾಯಂ ಅಂತ ಬರ್ದಿದಾರಲ್ವಾ ಸರ್?"

"ಮೊಹರಿನ ಸಮೇತ."

"ಅಂದ್ರೆ ಅದು ಕಚೇರೀದು."

"ಹೌದು."

"ಹಾಗಾದ್ರೆ ಅಸಾರ್‌ನಲ್ಲಿ ಇವರನ್ನ ಮನೆಗೆ ಕಳಿಸೋರು ಅದನ್ನ ಇಲ್ಲೇ ಬಿಟ್ಟು ಕಳಿಸ್ಲಿ," ಎಂದು ಕಾಗದವನ್ನು ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು. "ಏಳಿ, ಊಟದ ಹೊತ್ತಾಯ್ತು."

ಅಸಾರ್ ಮುಗಿಯುವ ದಿನ ಹಾಕಿಮರು ಪೆನ್ನು ಹಿಡಿದು ಮೂರು ಗಂಟೆ ಕೂತರು. ನೌಕರನನ್ನು ಬಿಡಿಸಿದರೆ ಖಾಯಂ ಧ್ವಜವನ್ನು ಅವನಿಂದ ಹೇಗೆ ವಶಕ್ಕೆ ತೆಗೆದುಕೊಳ್ಳಬೇಕು, ತಿಳಿಸಿಕೊಡಿ ಎಂದು ಕೊನೆಗೆ ಕಾಠ್ಮಂಡುವಿಗೆ ಬರೆದರು. ಉತ್ತರ ಬರುವ ತನಕ ಅವನು ಎಂದಿನಂತೆ ಕೆಲಸಕ್ಕೆ ಬರತಕ್ಕದ್ದು ಎಂದು ಕೆಳಗೆ ಸಹಿ ಹಾಕಿದರು. ಅದಾಗಿ ಆರು ವರ್ಷವಾಯಿತು. ಆ ಹಾಕಿಮರು ನಿವೃತ್ತರಾದರು, ಅವರ ನಂತರ ಬಂದ ಇಬ್ಬರು ವರ್ಗವಾಗಿ ಹೋದರು. ಉತ್ತರ ಇನ್ನೂ ಬಂದಿಲ್ಲ, ಖಿಮ್‌ಲಾಲ ದಿನಾ ಹತ್ತು ಗಂಟೆಗೆ ಕಚೇರಿಗೆ ಹೋಗುತ್ತಿದ್ದಾನೆ.